ಸ್ವಿಸ್ ಗ್ರಾಫಿಕ್ ಡಿಸೈನರ್‌ಗಳ ಇನ್ನೊಂದು ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಿಟ್ಜರ್ಲೆಂಡಿನ ಗ್ರಾಫಿಕ್ ಡಿಸೈನ್ ಎಂದರೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ಬರುವುದು ಗ್ರಿಡ್ (ಪುಟವನ್ನು ಅಳತೆಯಂತೆ ಪಾಲು ಮಾಡುವ ಗೆರೆಗಳ ಚೌಕಟ್ಟು), ಹೆಲ್ವೆಟಿಕಾ ಎಂಬ ಅಚ್ಚಿನ ಅಕ್ಷರ, ಧಾರಾಳವಾಗಿ ಬಿಟ್ಟ ಬಿಳಿ ಜಾಗ. ಆ ಗ್ರಿಡ್ ಎಳೆದವರಲ್ಲಿ ಹಲವರು ಚಿತ್ರಕಾರರು, ಶಿಲ್ಪಿಗಳು, ಪುಸ್ತಕವನ್ನೇ ಕಲಾಕೃತಿ ಮಾಡಿದವರು. ಅವರ ಈ ಇನ್ನೊಂದು ಬದುಕಿನ ಬಗ್ಗೆ ಡಿಸೈನ್ ಓದುವವರು, ಕಲಾಶಾಲೆಯ ಹುಡುಗರು, ಸುಮ್ಮನೆ ಕುತೂಹಲಕ್ಕೆ ಕೇಳುವವರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಇವರೆಲ್ಲ ಹೊಟ್ಟೆಪಾಡಿಗೆ ಜಾಹೀರಾತು ಮಾಡಿ, ಬಿಡುವಿನಲ್ಲಿ ಕಲೆ ಮಾಡಿದವರೇ?

ಕೆಲವರ ಮಟ್ಟಿಗೆ ಹೌದು, ಹೆಚ್ಚಿನವರ ಮಟ್ಟಿಗೆ ಅಲ್ಲ. ಕ್ಯಾನ್ವಾಸು ಮಾರಿ ಬದುಕಬಲ್ಲವರು 1930ರ ದಶಕದ ಜ್ಯೂರಿಕ್‌ನಲ್ಲಿ ಬೆರಳೆಣಿಕೆಯಷ್ಟು. ಅದರಲ್ಲೂ ಬರೀ ಚೌಕ, ಗೆರೆ, ಬಣ್ಣದ ಪಟ್ಟಿ ಬಿಡಿಸುವವರ ಚಿತ್ರ ಕೊಳ್ಳುವವರು ಇನ್ನೂ ಕಡಿಮೆ. ಹಾಗಾಗಿ ಬಾಡಿಗೆ, ದಿನಸಿ ನಡೆದದ್ದು ಜಾಹೀರಾತು, ಮುಖಪುಟ, ಪ್ರದರ್ಶನ ಮಳಿಗೆಗಳ ಕೆಲಸದಿಂದ. ಆದರೆ ಇಲ್ಲಿಗೆ ಮಾತು ಮುಗಿಸಿದರೆ ಅವರಿಗೆ ಅನ್ಯಾಯ ಮಾಡಿದಂತೆ. ಒಂದು ಮೇಜಿನ ಮೇಲೆ ಕಲಿತದ್ದು ಇನ್ನೊಂದು ಮೇಜಿಗೆ ಹೋಗುತ್ತಿತ್ತು, ಮತ್ತೆ ತಿರುಗಿ ಬರುತ್ತಿತ್ತು. ಡಿಸೈನ್ ಕೆಲಸವನ್ನು ತೆಗೆದುಹಾಕಿ ಇವರ ಕಲೆ ನೋಡಿದರೆ ಅರ್ಧ ಅರ್ಥವಾಗುವುದಿಲ್ಲ. ಕಲೆಯನ್ನು ಮರೆತು ಡಿಸೈನ್ ನೋಡಿದರೆ ಗ್ರಿಡ್ ಎಂಬುದು ಅಳತೆಪಟ್ಟಿಯ ಕೆಲಸವಾಗಿ ಕಾಣುತ್ತದೆ. ಈ ಪುಟದ ಉತ್ತರಗಳೆಲ್ಲ ನನ್ನ ಈ ನಂಬಿಕೆಯಿಂದಲೇ ಹೊರಟಿವೆ.

ಅಷ್ಟು ಸಣ್ಣ ದೇಶದಲ್ಲಿ ಇಂಥವರು ಇಷ್ಟು ಮಂದಿ ಹುಟ್ಟಿಕೊಂಡದ್ದು ಹೇಗೆ?

ಕಾರಣ ಒಂದಲ್ಲ. ಮೊದಲನೆಯದು ಶಾಲೆ. ಜ್ಯೂರಿಕ್ ಮತ್ತು ಬಾಸೆಲ್‌ನ ಕರಕುಶಲ ಕಲಾಶಾಲೆಗಳಲ್ಲಿ ನೇಯ್ಗೆ, ಬೆಳ್ಳಿ ಕೆಲಸ, ಅಚ್ಚುಕೂಟ, ಚಿತ್ರಕಲೆ ಎಲ್ಲ ಒಂದೇ ಸೂರಿನಡಿ ಇದ್ದವು. ಕಸುಬು ಕಲಿಯುವವನೂ ಕಲಾವಿದನಾಗಬಯಸುವವನೂ ಅದೇ ಮೇಷ್ಟ್ರ ಕೈಕೆಳಗೆ ಪಳಗುತ್ತಿದ್ದರು. ಜ್ಯೂರಿಕ್‌ನಲ್ಲಿ ಎರ್ನ್ಸ್ಟ್ ಕೆಲರ್ 1918ರಿಂದ ದಶಕಗಳ ಕಾಲ ಪಾಠ ಮಾಡಿದರು. ಮುಂದೆ ಹೆಸರು ಮಾಡಿದ ಎಷ್ಟೋ ಜನ ಅವರ ತರಗತಿಯಿಂದ ಬಂದವರು.

ಎರಡನೆಯದು ಕೈಗಾರಿಕೆ. ಬಾಸೆಲ್‌ನ ಔಷಧ ಮತ್ತು ಬಣ್ಣದ ಕಂಪನಿಗಳಿಗೆ, ಅದರಲ್ಲೂ ಗೈಗಿಗೆ, ಪ್ಯಾಕೆಟ್ಟು, ಕರಪತ್ರ, ಜಾಹೀರಾತುಗಳು ಸಾಲು ಸಾಲಾಗಿ ಬೇಕಿದ್ದವು. ಗೈಗಿ ತನ್ನದೇ ಡಿಸೈನ್ ವಿಭಾಗ ಕಟ್ಟಿ, ಎಳೆಯರಿಗೆ ಕೆಲಸವನ್ನೂ ಸ್ವಾತಂತ್ರ್ಯವನ್ನೂ ಕೊಟ್ಟಿತು.

ಮೂರನೆಯದು ಯುದ್ಧ. ಎರಡು ಮಹಾಯುದ್ಧಗಳಲ್ಲೂ ದೇಶ ತಟಸ್ಥವಾಗಿ ಉಳಿಯಿತು. ಜರ್ಮನಿಯಲ್ಲಿ 1933ರಲ್ಲಿ ಬೌಹೌಸ್ ಎಂಬ ಹೊಸಬಗೆಯ ಕಲಾ-ವಿನ್ಯಾಸ ಶಾಲೆ ಮುಚ್ಚಿ, ಆಧುನಿಕ ಕಲೆಗೆ ಕುತ್ತು ಬಂದಾಗ ಆ ವಿಚಾರಗಳು ಉಸಿರು ಹಿಡಿದುಕೊಂಡ ಜಾಗಗಳಲ್ಲಿ ಜ್ಯೂರಿಕ್ ಮತ್ತು ಬಾಸೆಲ್ ಮುಖ್ಯವಾದವು.

ಆಧುನಿಕರು ಬರುವುದಕ್ಕೆ ಮೊದಲು ಪೋಸ್ಟರ್ ಮಾಡುತ್ತಿದ್ದವರು ಯಾರು?

ಚಿತ್ರಕಾರರೇ. ಎಮಿಲ್ ಕಾರ್ಡಿನೋ 1908ರಲ್ಲಿ ಜರ್ಮಾಟ್ ಊರಿಗಾಗಿ ಮಾಡಿದ ಮ್ಯಾಟರ್‌ಹಾರ್ನ್ ಪೋಸ್ಟರ್ ನೋಡಿ. ಬೆಳಗಿನ ಬಿಸಿಲು ತಾಗಿದ ಶಿಖರ ಹೊನ್ನಿನ ಬಣ್ಣದಲ್ಲಿದೆ, ಕೆಳಗಿನ ಕಣಿವೆ ಇನ್ನೂ ಕತ್ತಲಲ್ಲಿದೆ, ಅಕ್ಷರ ತೀರಾ ಕಡಿಮೆ. ಜನ ಅದನ್ನು ಗೋಡೆಗೆ ತೂಗುಹಾಕುವ ಚಿತ್ರದಂತೆಯೇ ಕಂಡರು. ಅದೇ ಕಾರ್ಡಿನೋ 1914ರ ಬರ್ನ್ ರಾಷ್ಟ್ರೀಯ ಪ್ರದರ್ಶನದ ಪೋಸ್ಟರಿನಲ್ಲಿ ಕುದುರೆಗೆ ಹಸಿರು ಬಣ್ಣ ಬಳಿದಾಗ ದೇಶವಿಡೀ ಗಲಾಟೆಯಾಯಿತು. ಜನ ಅದನ್ನು ಪಾಲಕ್ ಕುದುರೆ ಎಂದು ಕರೆದರು. ರಸ್ತೆಬದಿಯ ಪೋಸ್ಟರಿನ ಬಣ್ಣದ ಬಗ್ಗೆ ಒಂದು ದೇಶ ಜಗಳಾಡುತ್ತದೆ ಎಂದರೆ, ಅಲ್ಲಿ ಪೋಸ್ಟರನ್ನು ಕಲೆಯೆಂದು ಒಪ್ಪಿಯಾಗಿತ್ತು ಎಂದೇ ಲೆಕ್ಕ.

ಇದರ ಹಿಂದೆ ಅಚ್ಚುಕೂಟದವರ ಪಾಲೂ ಇದೆ. ಜ್ಯೂರಿಕ್‌ನ ವೋಲ್ಫೆನ್ಸ್‌ಬರ್ಗರ್ ಅವರ ಲಿಥೋ (ಕಲ್ಲಚ್ಚು) ಮುದ್ರಣಾಲಯ ಇದ್ದ ಕಟ್ಟಡದಲ್ಲೇ 1911ರಿಂದ ಕಲಾ ಗ್ಯಾಲರಿಯೂ ನಡೆಯುತ್ತಿತ್ತು. ಕಲ್ಲಚ್ಚಿನ ಮೇಲೆ ಪೋಸ್ಟರ್ ಬಿಡಿಸಲು ಬಂದ ಚಿತ್ರಕಾರನ ಕ್ಯಾನ್ವಾಸುಗಳಿಗೂ ಅಲ್ಲೇ ಗೋಡೆ ಸಿಗುವ ಏರ್ಪಾಡು ಅದು.

ಓಟೋ ಬೌಮ್‌ಬರ್ಗರ್ ಆ ಲಿಥೋ ಲೋಕದಿಂದ ಬಂದವರು. ಬಟ್ಟೆ ಅಂಗಡಿಯೊಂದಕ್ಕೆ 1923ರಲ್ಲಿ ಅವರು ಬಿಡಿಸಿದ್ದು ಒಂದು ಕೋಟು, ಅಷ್ಟೇ. ಉಣ್ಣೆಯ ಎಳೆ ಎಳೆಯೂ ಕಾಣುತ್ತದೆ. ಅಂಗಡಿಯ ಹೆಸರು ಒಳಗಡೆ ಹೊಲಿದ ಚೀಟಿಯಲ್ಲಿ ಮಾತ್ರ. ಇಷ್ಟಾದರೂ ಅವರು ತಮ್ಮನ್ನು ಮೊದಲು ಚಿತ್ರಕಾರನೆಂದೇ ಎಣಿಸಿಕೊಂಡವರು. ಇತಿಹಾಸ ಅವರನ್ನು ನೆನೆಯುವುದು ಪೋಸ್ಟರುಗಳಿಂದ. ಬಾಸೆಲ್‌ನ ನಿಕ್ಲಾಸ್ ಸ್ಟೋಕ್ಲಿನ್ ಎರಡೂ ಕಡೆ ಸಮನಾಗಿ ನಿಂತರು. 1925ರಲ್ಲಿ ಮ್ಯಾನ್‌ಹೈಮ್‌ನಲ್ಲಿ ನಡೆದ ಪ್ರಸಿದ್ಧ ‘ನವ ವಸ್ತುನಿಷ್ಠತೆ’ ಪ್ರದರ್ಶನದಲ್ಲಿದ್ದ ಏಕೈಕ ಸ್ವಿಸ್ ಚಿತ್ರಕಾರ ಅವರು. ಕ್ಯಾನ್ವಾಸಿನಲ್ಲಿ ವಸ್ತುಗಳನ್ನು ದಿಟ್ಟಿಸುವ ಆ ತಣ್ಣನೆಯ ಕಣ್ಣೇ ಅವರ ಔಷಧ ಪೋಸ್ಟರುಗಳಲ್ಲೂ ಕೆಲಸ ಮಾಡಿದೆ.

ಕಾಂಕ್ರೀಟ್ ಕಲೆ ಎಂದು ಪದೇ ಪದೇ ಓದುತ್ತೇವೆ. ಏನದು?

ಅಮೂರ್ತ ಚಿತ್ರಕಾರ ಮರವನ್ನೋ ಮುಖವನ್ನೋ ನೋಡಿ, ಅದನ್ನು ಸರಳಗೊಳಿಸುತ್ತಾ ಹೋಗುತ್ತಾನೆ. ಕಾಂಕ್ರೀಟ್ ಕಲಾವಿದ ಹೊರಗಿನ ಯಾವುದನ್ನೂ ನೋಡಿ ಶುರುಮಾಡುವುದಿಲ್ಲ. ಗೆರೆ, ಬಣ್ಣ, ಅಳತೆ, ಇವೇ ಅವನ ವಸ್ತು. ಮೊದಲು ಒಂದು ನಿಯಮ, ಆಮೇಲೆ ಆ ನಿಯಮದಂತೆ ಚಿತ್ರ. ಡಚ್ ಕಲಾವಿದ ಥಿಯೋ ಫಾನ್ ಡೂಸ್‌ಬರ್ಗ್ 1930ರಲ್ಲಿ ಪ್ಯಾರಿಸ್‌ನಲ್ಲಿ ಈ ವಾದ ಮಂಡಿಸಿದರು. 1936ರಲ್ಲಿ ಜ್ಯೂರಿಕ್‌ನ ಕುನ್ಸ್ಟ್‌ಹೌಸ್ ಕಲಾ ಸಂಗ್ರಹಾಲಯದ ಪ್ರದರ್ಶನದ ಕೈಪಿಡಿಯಲ್ಲಿ ಮ್ಯಾಕ್ಸ್ ಬಿಲ್ ಅದನ್ನು ತಮ್ಮದಾಗಿಸಿಕೊಂಡು ಬರೆದರು. ಮರುವರ್ಷ ಲಿಯೋ ಲೊಯ್ಪಿ ಮುಂದಾಳತ್ವದಲ್ಲಿ ‘ಅಲಿಯಾನ್ಸ್’ ಎಂಬ ಕಲಾವಿದರ ಸಂಘ ಹುಟ್ಟಿತು. ಬಿಲ್, ರಿಚರ್ಡ್ ಪೌಲ್ ಲೋಸೆ, ವೆರೇನಾ ಲೋವೆನ್ಸ್‌ಬರ್ಗ್, ಕಮಿಲ್ ಗ್ರೇಸರ್, ಈ ನಾಲ್ವರನ್ನು ಜ್ಯೂರಿಕ್‌ನ ಕಾಂಕ್ರೀಟ್ ಬಳಗದ ತಿರುಳು ಎನ್ನುತ್ತಾರೆ.

ಅಚ್ಚಿನ ಕೆಲಸ ಗೊತ್ತಿದ್ದವರಿಗೆ ಈ ಕಲೆ ಯಾಕೆ ಒಗ್ಗಿತು ಎಂದು ಊಹಿಸುವುದು ಕಷ್ಟವಲ್ಲ. ಪುಟದ ಅಗಲವನ್ನು ಸಮ ಪಾಲು ಮಾಡುವುದು, ಎರಡು ಬಣ್ಣದಲ್ಲೇ ಮೂರನೆಯದರ ಭ್ರಮೆ ಹುಟ್ಟಿಸುವುದು, ಒಂದೇ ಅಳತೆಯನ್ನು ಹತ್ತು ಹಾಳೆಗೆ ಒಗ್ಗಿಸುವುದು ಅವರಿಗೆ ದಿನದ ಕೆಲಸ.

ಮ್ಯಾಕ್ಸ್ ಬಿಲ್‌ರನ್ನು ಡಿಸೈನರ್ ಎನ್ನಬೇಕೋ ಕಲಾವಿದ ಎನ್ನಬೇಕೋ?

ಎರಡೂ, ಜೊತೆಗೆ ವಾಸ್ತುಶಿಲ್ಪಿ, ಮೇಷ್ಟ್ರು, ಲೇಖಕ, 1967ರಿಂದ 1971ರವರೆಗೆ ಸಂಸದ. ಬಿಲ್ (1908–1994) ವಿಂಟರ್‌ಥೂರ್‌ನಲ್ಲಿ ಹುಟ್ಟಿದರು. ಜ್ಯೂರಿಕ್‌ನಲ್ಲಿ ಬೆಳ್ಳಿ ಕೆಲಸ ಕಲಿತು, 1927ರಲ್ಲಿ ಡೆಸ್ಸೌ ಊರಿನ ಬೌಹೌಸ್ ಸೇರಿದರು. ಊರಿಗೆ ಮರಳಿದ ಮೇಲೆ ಕೈಹಿಡಿದದ್ದು ಗ್ರಾಫಿಕ್ ಕೆಲಸ. ‘ವೋನ್‌ಬೆಡಾರ್ಫ್’ ಎಂಬ ಪೀಠೋಪಕರಣ ಅಂಗಡಿಯ ಜಾಹೀರಾತು, ಪ್ರದರ್ಶನಗಳ ಪೋಸ್ಟರು, ಪುಸ್ತಕ ವಿನ್ಯಾಸ ಎಲ್ಲವನ್ನೂ ಮಾಡಿದರು. ಜ್ಯೂರಿಕ್‌ನ ಹೊಂಗ್‌ನಲ್ಲಿ ತಮ್ಮ ಮನೆ-ಸ್ಟುಡಿಯೋ ಕಟ್ಟಿಕೊಂಡಾಗ ಅವರಿಗಿನ್ನೂ 25 ತುಂಬಿರಲಿಲ್ಲ.

ಅವರ ಅತಿ ಪ್ರಸಿದ್ಧ ಶಿಲ್ಪ ಹುಟ್ಟಿದ ಬಗೆ ಕೇಳಿ. 1935ರಲ್ಲಿ ವಾಸ್ತುಶಿಲ್ಪಿ ಮಾರ್ಸೆಲ್ ಬ್ರಾಯರ್, ಎಲ್ಲವೂ ವಿದ್ಯುತ್ತಿನಿಂದಲೇ ನಡೆಯುವ ಲಂಡನ್ನಿನ ಒಂದು ಮಾದರಿ ಮನೆಗಾಗಿ, ವಿದ್ಯುತ್ ಅಗ್ಗಿಷ್ಟಿಕೆಯ ಮೇಲೆ ತೂಗುಬಿಡಲು ಏನಾದರೂ ಮಾಡಿಕೊಡಿ ಎಂದು ಕೇಳಿದರು. ಉರಿಯುವ ಜ್ವಾಲೆ ಇಲ್ಲದ ಕಡೆ ಕಣ್ಣಿಗೊಂದು ಚಲನೆ ಬೇಕಿತ್ತು. ಬಿಲ್ ಕಾಗದದ ಪಟ್ಟಿಗಳನ್ನು ತಿರುಚುತ್ತಾ ಕೂತು, ಒಂದೇ ಮೈ, ಒಂದೇ ಅಂಚಿರುವ ಆಕಾರವೊಂದಕ್ಕೆ ಬಂದು ನಿಂತರು. ಗಣಿತಜ್ಞರು ಮೋಬಿಯಸ್ ಪಟ್ಟಿ ಎಂದು ಅದನ್ನು 19ನೇ ಶತಮಾನದಲ್ಲೇ ಬಲ್ಲವರಾಗಿದ್ದರು ಎಂಬುದು ಅವರಿಗೆ ಗೊತ್ತಾದದ್ದು ಆಮೇಲೆ. ‘ಅನಂತ ಪಟ್ಟಿ’ ಹೀಗೆ ಬಂತು. ಮನೆಯ ಒಂದು ಮೂಲೆಗೆ ಒಪ್ಪುವ ವಸ್ತುವೊಂದನ್ನು ಮಾಡುವ ಡಿಸೈನರನ ಕೆಲಸವೇ ಅಲ್ಲಿ ಶಿಲ್ಪವಾಯಿತು. ನಂತರ ಅದೇ ಹಾದಿಯಲ್ಲಿ ಮಾಡಿದ ‘ತ್ರಿಭಾಗಿ ಏಕತೆ’ 1951ರಲ್ಲಿ ಸಾವೊ ಪೌಲೊ ದ್ವೈವಾರ್ಷಿಕ ಕಲಾ ಪ್ರದರ್ಶನದಲ್ಲಿ ಶಿಲ್ಪಕ್ಕೆ ಬಹುಮಾನ ಪಡೆಯಿತು, ಬ್ರೆಜಿಲ್‌ನ ಒಂದು ಪೀಳಿಗೆಯ ಕಲಾವಿದರನ್ನೂ ಡಿಸೈನರುಗಳನ್ನೂ ಒಟ್ಟಿಗೇ ಅಲುಗಾಡಿಸಿತು.

ಅದಕ್ಕೂ ಮುಂಚೆ 1935 ಮತ್ತು 1938ರ ನಡುವೆ ‘ಒಂದು ವಸ್ತುವಿನ ಮೇಲೆ ಹದಿನೈದು ವೈವಿಧ್ಯ’ ಎಂಬ ಲಿಥೋ ಮಾಲಿಕೆ ಮಾಡಿದ್ದರು. ತ್ರಿಕೋನದಿಂದ ಹೊರಟ ಗೆರೆ ಬಿಚ್ಚಿಕೊಳ್ಳುತ್ತಾ ಚೌಕ, ಪಂಚಕೋನವಾಗಿ ಅಷ್ಟಕೋನದವರೆಗೆ ಹೋಗುತ್ತದೆ. ಪ್ರತಿ ಹಾಳೆಯಲ್ಲೂ ಅದೇ ಅಸ್ಥಿಪಂಜರಕ್ಕೆ ಬೇರೆ ಬೇರೆ ಬಣ್ಣ, ಬಿಂದು, ವೃತ್ತ. ಸಂಗೀತ ಕಚೇರಿಯಲ್ಲಿ ಒಂದೇ ಪಲ್ಲವಿಗೆ ಗಾಯಕ ಕಲ್ಪನಾಸ್ವರ ಹಾಕುತ್ತಾ ಪ್ರತಿ ಸಲ ಅದೇ ಎಡುಪಿಗೆ ಬಂದು ಮುಟ್ಟುವುದನ್ನು ಕೇಳಿ ಬೆಳೆದವರಿಗೆ ಈ ಮಾಲಿಕೆ ಸುಲಭವಾಗಿ ಒಲಿಯುತ್ತದೆ.

ಮುಂದೆ 1953ರಲ್ಲಿ ಇಂಗೆ ಶೋಲ್ ಮತ್ತು ಓಟ್ಲ್ ಐಷರ್ ಜೊತೆ ಜರ್ಮನಿಯ ಉಲ್ಮ್‌ನಲ್ಲಿ ಡಿಸೈನ್ ಶಾಲೆ ಕಟ್ಟಿದರು. ಕಟ್ಟಡದ ನಕ್ಷೆ ಅವರದೇ, ವಿದ್ಯಾರ್ಥಿಗಳು ಕೂರುವ ಸ್ಟೂಲು ಕೂಡ ಅವರು ಹಾನ್ಸ್ ಗುಗೆಲೋಟ್ ಜೊತೆ ಸೇರಿ ಮಾಡಿದ್ದು. ಆದರೆ ಶಾಲೆಯೊಳಗೆ ಕಲೆಗೆ ಎಷ್ಟು ಜಾಗ ಎಂಬುದರ ಮೇಲೆ ಒಡಕು ಬಂತು. ಕಿರಿಯ ಅಧ್ಯಾಪಕರಿಗೆ ವಿಜ್ಞಾನ, ತಂತ್ರ, ಉತ್ಪಾದನೆ ಮುಖ್ಯವಾಗಿತ್ತು. ಬಿಲ್‌ಗೆ ಕಲೆಯನ್ನು ಹೊರಗಿಟ್ಟ ಡಿಸೈನ್ ಶಾಲೆ ಬೇಕಿರಲಿಲ್ಲ. 1956ರಲ್ಲಿ ಮುಖ್ಯಸ್ಥನ ಸ್ಥಾನ ಬಿಟ್ಟರು, ಮರುವರ್ಷ ಶಾಲೆಯನ್ನೇ ಬಿಟ್ಟರು. ಅವರ ವೃತ್ತಿಜೀವನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಹೊರನಡಿಗೆಯೇ. ತಾವೇ ಕಟ್ಟಿದ ಮನೆಯನ್ನು ಒಂದು ನಂಬಿಕೆಗಾಗಿ ತೊರೆದರು. ಯುಂಗ್‌ಹಾನ್ಸ್ ಕಂಪನಿಗೆ ಅವರು ರೂಪಿಸಿದ ಅಡುಗೆಮನೆ ಗಡಿಯಾರ, ಕೈಗಡಿಯಾರಗಳು ಅದೇ ಕಾಲದ ಆಸುಪಾಸಿನವು. ಆ ವಿನ್ಯಾಸಗಳು ಇಂದಿಗೂ ಮಾರಾಟದಲ್ಲಿವೆ.

ಲೋಸೆ ಅವರ ಚಿತ್ರಗಳಿಗೆ ಎರಡೆರಡು ಇಸವಿ ಯಾಕೆ?

ಒಂದು ವಿಚಾರ ಹೊಳೆದ ವರ್ಷ, ಇನ್ನೊಂದು ಕ್ಯಾನ್ವಾಸಿಗೆ ಇಳಿದ ವರ್ಷ. ‘1943/1970’ ಎಂದಿದ್ದರೆ ನಡುವೆ 27 ವರ್ಷ ಕಳೆದಿವೆ. ಆ ವರ್ಷಗಳಲ್ಲಿ ದೊಡ್ಡ ಪಾಲು ಹೋದದ್ದು ಗ್ರಾಫಿಕ್ ಕೆಲಸಕ್ಕೆ.

ರಿಚರ್ಡ್ ಪೌಲ್ ಲೋಸೆ (1902–1988) ಬಡತನದಲ್ಲಿ ಬೆಳೆದವರು. ಪ್ಯಾರಿಸ್‌ಗೆ ಹೋಗಿ ಚಿತ್ರಕಲೆ ಓದುವ ಆಸೆ ದುಡ್ಡಿಲ್ಲದೆ ಕೈಗೂಡಲಿಲ್ಲ. 1918ರಲ್ಲಿ ಮ್ಯಾಕ್ಸ್ ಡಾಲಾಂಗ್ ಅವರ ಜಾಹೀರಾತು ಸಂಸ್ಥೆಗೆ ಸೇರಿ ಅಲ್ಲೇ ಕಸುಬು ಕಲಿತರು. ಮುಂದೆ ‘ಬೌವೆನ್ + ವೋನೆನ್’ ಎಂಬ ವಾಸ್ತುಶಿಲ್ಪ ಪತ್ರಿಕೆಯ ವಿನ್ಯಾಸವನ್ನು ವರ್ಷಗಟ್ಟಲೆ ನೋಡಿಕೊಂಡರು. ತಿಂಗಳು ತಿಂಗಳು ಅದೇ ಅಂಕಣ, ಅದೇ ಅಳತೆಯೊಳಗೆ ಬೇರೆ ಬೇರೆ ಕಟ್ಟಡಗಳನ್ನು ಕೂರಿಸುವ ಕೆಲಸ ಅದು. ಅವರ ಕ್ಯಾನ್ವಾಸಿನಲ್ಲೂ ಒಂದು ಘಟಕ, ಅದನ್ನು ಸಾಲಾಗಿ ಜೋಡಿಸುವ ಒಂದು ಕ್ರಮ, ಪ್ರತಿ ಬಣ್ಣಕ್ಕೂ ಸಮಪಾಲು. ಯಾವ ಬಣ್ಣವೂ ಮೆರೆಯಬಾರದು, ಯಾವುದೂ ಮೂಲೆಗುಂಪಾಗಬಾರದು. ಇದರಲ್ಲಿ ರಾಜಕೀಯ ಇತ್ತು. ಲೋಸೆ 1930ರ ದಶಕದಲ್ಲಿ ಫ್ಯಾಸಿಸಂ ವಿರುದ್ಧ ದುಡಿದವರು, ಮೇಲುಕೀಳಿಲ್ಲದ ಸಮಾಜದ ಮಾದರಿಯನ್ನು ತಮ್ಮ ಚಿತ್ರಗಳಲ್ಲಿ ಕಂಡವರು. ಮನ್ನಣೆ ತಡವಾಗಿ ಬಂತು. ಕಾಸೆಲ್‌ನ ಡಾಕ್ಯುಮೆಂಟಾ ಕಲಾ ಪ್ರದರ್ಶನ 1968ರಲ್ಲಿ, ವೆನಿಸ್ ದ್ವೈವಾರ್ಷಿಕ 1972ರಲ್ಲಿ, ಅವರಿಗೆ 70ರ ಹೊತ್ತಿಗೆ.

ಹಾಗಾದರೆ ಗ್ರಿಡ್ ಬಂದದ್ದು ಚಿತ್ರಕಲೆಯಿಂದಲೇ?

ಪೂರ್ತಿ ಹಾಗೆ ಹೇಳಲಾಗದು. ಅಚ್ಚುಮೊಳೆ ಜೋಡಿಸುವವರಿಗೆ ಅಂಕಣ, ಅಳತೆ ಮೊದಲಿನಿಂದಲೂ ಇದ್ದವೇ. ಆದರೆ ಆ ಅಳತೆಗೆ ತತ್ವದ ಬೆನ್ನೆಲುಬು ಕೊಟ್ಟವರಲ್ಲಿ ಈ ಚಿತ್ರಕಾರರು ಮುಖ್ಯರು. ಒಂದು ಗುರುತು ಸಾಕು. 1958ರಿಂದ 1965ರವರೆಗೆ ಬಂದ ‘ನೊಯೆ ಗ್ರಾಫಿಕ್’ ಪತ್ರಿಕೆ ಸ್ವಿಸ್ ಶೈಲಿಯನ್ನು ಜಗತ್ತಿಗೆ ತಲುಪಿಸಿತು. ಅದರ ನಾಲ್ವರು ಸಂಪಾದಕರು ಲೋಸೆ, ಯೋಸೆಫ್ ಮ್ಯುಲ್ಲರ್-ಬ್ರಾಕ್ಮನ್, ಹಾನ್ಸ್ ನೊಯ್‌ಬುರ್ಗ್, ಕಾರ್ಲೋ ವಿವರೆಲ್ಲಿ. ಲೋಸೆ ಆಗಲೇ ಹೆಸರಾದ ಚಿತ್ರಕಾರ. ಎಲೆಕ್ಟ್ರೋಲಕ್ಸ್ ಕಂಪನಿಯ ಲೋಗೋ ಮಾಡಿದ ವಿವರೆಲ್ಲಿ ಮುಂದೆ ಕಾಂಕ್ರೀಟ್ ಚಿತ್ರ, ಶಿಲ್ಪಗಳ ಕಡೆ ಹೊರಳಿದರು.

ಮ್ಯುಲ್ಲರ್-ಬ್ರಾಕ್ಮನ್ ಸ್ವತಃ ಕಲಾವಿದರೇ?

ತಮ್ಮನ್ನು ಅವರು ಹಾಗೆ ಕರೆದುಕೊಂಡವರಲ್ಲ. ಆದರೆ ಕಾಂಕ್ರೀಟ್ ಕಲೆಗಾಗಿ ರಾಪರ್ಸ್‌ವಿಲ್‌ನಲ್ಲಿ ವರ್ಷಾನುಗಟ್ಟಲೆ ಗ್ಯಾಲರಿ ನಡೆಸಿದರು. ಅವರ ಪತ್ನಿ ಶಿಜುಕೊ ಯೊಶಿಕಾವಾ ಜಪಾನಿನಿಂದ ಬಂದು, ಉಲ್ಮ್‌ನಲ್ಲಿ ಓದಿ, ಜ್ಯೂರಿಕ್‌ನಲ್ಲಿ ನೆಲೆಸಿದ ಕಾಂಕ್ರೀಟ್ ಕಲಾವಿದೆ. ಬೆಳಕು ಬೆರೆತಂಥ ಅವರ ತಿಳಿಬಣ್ಣಗಳನ್ನು ಗಂಡನ ಹೆಸರಿನ ನೆರಳಿನಿಂದ ಹೊರಗೆ ತಂದು ನೋಡುವ ಕೆಲಸ ಇನ್ನೂ ಮುಗಿದಿಲ್ಲ.

ಯಶಸ್ವಿ ಜಾಹೀರಾತು ಸಂಸ್ಥೆಯನ್ನು ಬಿಟ್ಟು ಕಲೆಗೆ ಹೋದವರು ಇದ್ದಾರೆಯೇ?

ಇಬ್ಬರು ಕೂಡಲೇ ನೆನಪಾಗುತ್ತಾರೆ, ಕಾರ್ಲ್ ಗರ್ಸ್ಟ್ನರ್ ಮತ್ತು ಗಾಟ್‌ಫ್ರೀಡ್ ಹೊನೆಗ್ಗರ್.

ಗರ್ಸ್ಟ್ನರ್ (1930–2017) ಬಾಸೆಲ್‌ನವರು. ಫ್ರಿಟ್ಸ್ ಬ್ಯೂಲರ್ ಅವರ ಸ್ಟುಡಿಯೋದಲ್ಲಿ ಕಸುಬು ಕಲಿತು ಗೈಗಿಯಲ್ಲಿ ಪಳಗಿದರು. ಲೇಖಕ ಮಾರ್ಕುಸ್ ಕುಟ್ಟರ್ ಜೊತೆ 1959ರಲ್ಲಿ ಸಂಸ್ಥೆ ಕಟ್ಟಿದರು. ಪೌಲ್ ಗ್ರೆಡಿಂಗರ್ ಸೇರಿದ ಮೇಲೆ ಅದು ಜಿಜಿಕೆ ಎಂದು ಯುರೋಪಿನಲ್ಲೆಲ್ಲ ಹೆಸರಾಯಿತು. ಇದೆಲ್ಲದರ ನಡುವೆ ಅವರು ಚಿತ್ರ ಬಿಡಿಸುವುದನ್ನು ಬಿಟ್ಟಿರಲಿಲ್ಲ. ಬಾಸೆಲ್‌ನ ಒಂದು ರೆಕಾರ್ಡ್ ಅಂಗಡಿಗೆ ಅವರು ಮಾಡಿದ ಗುರುತನ್ನು ನೋಡಿ. ಚಿಹ್ನೆಗೆ ಒಂದೇ ನಿಗದಿತ ಆಕಾರವಿಲ್ಲ. ಚೌಕಟ್ಟು ಜಾಹೀರಾತಿನ ಜಾಗಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ, ಆದರೂ ಅಂಗಡಿ ಯಾವುದೆಂದು ಕಂಡ ಕೂಡಲೇ ತಿಳಿಯುತ್ತದೆ. ಈಗ ಅವರ ‘ಕಾರ್ರೋ 64’ ನೋಡಿ. ಚೌಕಟ್ಟಿನೊಳಗೆ 64 ಬಣ್ಣದ ತುಂಡುಗಳು, ನೋಡುಗ ತನಗೆ ಬೇಕಾದಂತೆ ಜಾಗ ಬದಲಿಸಬಹುದು. ಎರಡರಲ್ಲೂ ಅವರು ಮಾಡಿದ್ದು ಒಂದು ನಿಯಮ. ಅಂತಿಮ ರೂಪಗಳು ಆ ನಿಯಮದಿಂದ ಹುಟ್ಟುತ್ತವೆ. ಕಂಪ್ಯೂಟರ್ ಡಿಸೈನರನ ಮೇಜಿಗೆ ಬರುವುದಕ್ಕೆ ಎಷ್ಟೋ ಮುಂಚೆ, 1964ರಲ್ಲಿ, ಇದನ್ನೇ ಪುಸ್ತಕ ಮಾಡಿ ಬರೆದರು. 1970ರಲ್ಲಿ, 40ರ ವಯಸ್ಸಿನಲ್ಲಿ, ಸಂಸ್ಥೆಯ ದಿನನಿತ್ಯದ ಜವಾಬ್ದಾರಿಯಿಂದ ಹಿಂದೆ ಸರಿದು ಕಲೆಗೆ ಕೂತರು. 1973ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ ಅವರ ಕೆಲಸದ ಪ್ರದರ್ಶನ ಮಾಡಿತು. ಆಮೇಲೂ ವಿಮಾನ ಸಂಸ್ಥೆ ಸ್ವಿಸ್‌ಏರ್‌ನಂಥ ದೊಡ್ಡ ಡಿಸೈನ್ ಕೆಲಸಗಳನ್ನು ಒಪ್ಪಿಕೊಂಡರು. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಎಂಬ ಮಾತನ್ನು ಗರ್ಸ್ಟ್ನರ್ ಬದುಕು ಒಪ್ಪುವುದಿಲ್ಲ.

ಹೊನೆಗ್ಗರ್ (1917–2016) ಅಂಗಡಿ ಕಿಟಕಿಗಳ ಅಲಂಕಾರ ಕಲಿತು ಬಂದವರು. 1950ರ ದಶಕದಲ್ಲಿ ಗೈಗಿಯ ಕಲಾ ನಿರ್ದೇಶಕರಾದರು, 1958ರಲ್ಲಿ ನ್ಯೂಯಾರ್ಕಿಗೆ ಹೋದರು. 1960ರಲ್ಲಿ ಅಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನವಾಯಿತು. ಮರುವರ್ಷ ಪ್ಯಾರಿಸ್ ಸೇರಿದವರು ಗ್ರಾಫಿಕ್ ಕೆಲಸವನ್ನು ಹಿಂದೆ ಬಿಟ್ಟು ಚಿತ್ರ, ಉಬ್ಬುಚಿತ್ರ, ಶಿಲ್ಪಗಳಲ್ಲೇ ಉಳಿದರು. 1990ರಲ್ಲಿ ಸಿಬಿಲ್ ಆಲ್ಬರ್ಸ್-ಬಾರಿಯೆ ಜೊತೆ ದಕ್ಷಿಣ ಫ್ರಾನ್ಸಿನ ಮುವಾನ್-ಸಾರ್ತೂನಲ್ಲಿ ಕಾಂಕ್ರೀಟ್ ಕಲೆಗಾಗಿಯೇ ಒಂದು ಕೇಂದ್ರ ತೆರೆದರು.

ಹೆಂಗಸರ ಹೆಸರು ಯಾಕೆ ಅಷ್ಟು ಕೇಳಿಬರುವುದಿಲ್ಲ?

ಕೆಲಸ ಕಡಿಮೆ ಇದ್ದುದಕ್ಕಲ್ಲ, ಬರೆದವರು ಕಡಿಮೆ ಬರೆದದ್ದಕ್ಕೆ. ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ಸಿಕ್ಕಿದ್ದೇ 1971ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡು ಈ ಮೂವರನ್ನು ನೋಡಬೇಕು.

ಸೋಫಿ ಟೊಯ್ಬರ್-ಆರ್ಪ್ (1889–1943) ಜ್ಯೂರಿಕ್‌ನ ಕರಕುಶಲ ಶಾಲೆಯಲ್ಲಿ 1916ರಿಂದ 1929ರವರೆಗೆ ಜವಳಿ ವಿನ್ಯಾಸ ಕಲಿಸಿದರು. ಆ ಸಂಬಳದಲ್ಲೇ ಅವರ ಮತ್ತು ಕಲಾವಿದ ಹಾನ್ಸ್ ಆರ್ಪ್ ಅವರ ಸಂಸಾರ ನಡೆಯಿತು. ಬೆಳಗ್ಗೆ ಪಾಠ, ರಾತ್ರಿ ಡಾಡಾ ಎಂಬ ಬಂಡಾಯ ಕಲಾಚಳವಳಿಯ ಗೆಳೆಯರ ನಡುವೆ ಮುಖವಾಡ ಹಾಕಿ ನೃತ್ಯ. 1918ರಲ್ಲಿ ಸೂತ್ರದ ಬೊಂಬೆಗಳು, ಆಮೇಲೆ ಸ್ಟ್ರಾಸ್‌ಬರ್ಗ್‌ನ ಓಬೆತ್ ಮನರಂಜನಾ ಗೃಹದ ಒಳಾಂಗಣ, 1930ರ ದಶಕದ ಕೊನೆಗೆ ‘ಪ್ಲಾಸ್ತಿಕ್’ ಎಂಬ ಕಲಾಪತ್ರಿಕೆ. ಕಸೂತಿಯ ಚೌಕಗಳೇ ಅವರ ಚಿತ್ರದ ಚೌಕಗಳು. 1943ರ ಜನವರಿಯ ಚಳಿಯಲ್ಲಿ, ಮ್ಯಾಕ್ಸ್ ಬಿಲ್ ಮನೆಯಲ್ಲಿ ತಂಗಿದ್ದಾಗ, ಒಲೆಯ ವಿಷಾನಿಲದಿಂದ ನಿದ್ದೆಯಲ್ಲೇ ತೀರಿಕೊಂಡರು. 1995ರಲ್ಲಿ ಬಂದ 50 ಫ್ರಾಂಕ್ ನೋಟಿನ ಮೇಲೆ ಅವರ ಮುಖವಿತ್ತು.

ವೆರೇನಾ ಲೋವೆನ್ಸ್‌ಬರ್ಗ್ (1912–1986) ಬಾಸೆಲ್‌ನಲ್ಲಿ ನೇಯ್ಗೆ, ಬಣ್ಣ ಕಲಿತವರು. ಜವಳಿ ವಿನ್ಯಾಸ ಮಾಡಿ ಗಳಿಸಿದರು, 1960ರ ದಶಕದಲ್ಲಿ ಜ್ಯೂರಿಕ್‌ನಲ್ಲಿ ಜಾಜ್ ರೆಕಾರ್ಡುಗಳ ಅಂಗಡಿಯನ್ನೂ ನಡೆಸಿದರು. ಬಳಗದ ಗಂಡಸರು ಸಿದ್ಧಾಂತದ ಮೇಲೆ ಸಿದ್ಧಾಂತ ಬರೆಯುವಾಗ ತನಗೆ ಯಾವ ಸಿದ್ಧಾಂತವೂ ಇಲ್ಲ ಎಂದರು. ಅವರ ಚಿತ್ರಗಳು ಉಳಿದ ಮೂವರ ಚಿತ್ರಗಳಿಗಿಂತ ಹೆಚ್ಚು ಉಸಿರಾಡುತ್ತವೆ ಎಂಬುದು ನನ್ನ ಅನಿಸಿಕೆ.

ವಾರ್ಯಾ ಲಾವಾಟರ್ (1913–2007) ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಎರ್ನ್ಸ್ಟ್ ಕೆಲರ್ ಅವರ ಶಿಷ್ಯೆ. 1930ರ ದಶಕದ ಕೊನೆಗೆ ಸ್ವಿಸ್ ಬ್ಯಾಂಕ್ ಕಾರ್ಪೊರೇಷನ್‌ಗೆ ಮೂರು ಕೀಲಿಕೈಗಳ ಚಿಹ್ನೆ ಬಿಡಿಸಿದರು. 1998ರಲ್ಲಿ ಬ್ಯಾಂಕುಗಳು ವಿಲೀನವಾಗಿ ಯುಬಿಎಸ್ ಆದಾಗಲೂ ಕೀಲಿಕೈಗಳು ಉಳಿದವು. ಈಗಲೂ ಆ ಬ್ಯಾಂಕಿನ ಹೆಸರಿನ ಪಕ್ಕದಲ್ಲಿರುವುದು ಅವೇ. ಮಾಡಿದವರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. 1940ರಲ್ಲಿ ಹೊನೆಗ್ಗರ್ ಅವರನ್ನು ಮದುವೆಯಾದರು, ಇಬ್ಬರೂ ಜ್ಯೂರಿಕ್‌ನಲ್ಲಿ ಸ್ಟುಡಿಯೋ ನಡೆಸಿದರು. 1944ರಿಂದ 1958ರವರೆಗೆ ಎಳೆಯರ ಪತ್ರಿಕೆಯೊಂದಕ್ಕೆ ಮುಖಪುಟ, ಚಿತ್ರಗಳನ್ನು ಮಾಡಿದರು.

1958ರಲ್ಲಿ ನ್ಯೂಯಾರ್ಕಿಗೆ ಹೋದಾಗ ಅಲ್ಲಿನ ಬೀದಿಯ ಚಿಹ್ನೆಗಳು, ಜಾಹೀರಾತು ಫಲಕಗಳು ಅವರ ಕಣ್ಣು ತೆರೆಸಿದವು. ಒಂದು ಚಿಹ್ನೆ ಬ್ಯಾಂಕನ್ನು ಸೂಚಿಸಬಲ್ಲದಾದರೆ, ಚಿಹ್ನೆಗಳ ಸಾಲು ಕಥೆಯನ್ನೇ ಹೇಳಬಾರದೇಕೆ? 1962ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ ಸ್ವಿಸ್ ಜನಪದ ವೀರನ ಕಥೆ ಹೇಳುವ ಅವರ ‘ವಿಲಿಯಂ ಟೆಲ್’ ಪ್ರಕಟಿಸಿತು. ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಉದ್ದ ಕಾಗದದ ಪಟ್ಟಿ, ಒಂದೂ ಮನುಷ್ಯ ಮುಖವಿಲ್ಲ. 1965ರಲ್ಲಿ ಪ್ಯಾರಿಸ್‌ನ ಆದ್ರಿಯಾಂ ಮಾಗ್ ಪ್ರಕಟಿಸಿದ ಕೆಂಪು ಟೋಪಿಯ ಹುಡುಗಿಯ ಕಥೆಯಲ್ಲಿ ಹುಡುಗಿ ಒಂದು ಕೆಂಪು ಚುಕ್ಕೆ, ತೋಳ ಕಪ್ಪು ಚುಕ್ಕೆ, ಕಾಡು ಹಸಿರು ಚುಕ್ಕೆಗಳ ಗುಂಪು. ಮೊದಲಲ್ಲಿ ಯಾವುದು ಯಾರು ಎಂಬ ಪಟ್ಟಿ ಇದೆ, ಅದಾದ ಮೇಲೆ ಒಂದಕ್ಷರವೂ ಇಲ್ಲ. ಕಪ್ಪು ಚುಕ್ಕೆ ದೊಡ್ಡದಾಗಿ ಕೆಂಪಿನ ಹತ್ತಿರ ಬರುವಾಗ ಮಕ್ಕಳು ಹೆದರುತ್ತಾರೆ! ಲೋಗೋ ಮಾಡಲು ಬೇಕಾದ ಸಂಕ್ಷೇಪದ ಶಿಸ್ತು, ಅಜ್ಜಿಕಥೆಯ ಸುಖ ಎರಡೂ ಒಂದೇ ಹಾಳೆಯಲ್ಲಿ ಸೇರಿದ ಇಂಥ ಕೆಲಸ ಅವರ ಗಂಡಸು ಸಮಕಾಲೀನರಲ್ಲಿ ನನಗೆ ಕಂಡಿಲ್ಲ.

ಈ ಅಳತೆ, ಶಿಸ್ತಿನ ವಿರುದ್ಧ ಯಾರೂ ತಿರುಗಿಬೀಳಲಿಲ್ಲವೇ?

ಡೀಟರ್ ರೋಟ್ (1930–1998) ತಿರುಗಿಬಿದ್ದರು. ಜರ್ಮನಿಯ ಹ್ಯಾನೋವರ್‌ನಲ್ಲಿ ಹುಟ್ಟಿದ ಅವರನ್ನು ಯುದ್ಧದ ನಡುವೆ 1943ರಲ್ಲಿ ಸ್ವಿಟ್ಜರ್ಲೆಂಡಿಗೆ ಕಳಿಸಿದರು. 1947ರಿಂದ ಬರ್ನ್‌ನಲ್ಲಿ ಫ್ರೀಡ್ರಿಕ್ ವ್ಯೂಟ್ರಿಕ್ ಬಳಿ ಗ್ರಾಫಿಕ್ ಕಸುಬು ಕಲಿತರು. 1953ರಲ್ಲಿ ಮಾರ್ಸೆಲ್ ವಿಸ್ ಮತ್ತು ಕವಿ ಓಯ್ಗೆನ್ ಗೊಮ್ರಿಂಗರ್ ಜೊತೆ ‘ಸ್ಪಿರಾಲೆ’ ಪತ್ರಿಕೆ ಶುರುಮಾಡಿದಾಗ ಅವರೂ ಅಳತೆಗೋಲು ಬಿಡದ ಕಾಂಕ್ರೀಟ್ ಕಲಾವಿದ. 1960ರಲ್ಲಿ ಬಾಸೆಲ್‌ನಲ್ಲಿ ಶಿಲ್ಪಿ ಜಾನ್ ಟಿಂಗ್ವೆಲಿಯ ಗದ್ದಲದ ಯಂತ್ರಗಳನ್ನು ನೋಡಿದ್ದು ಅವರನ್ನು ಬದಲಿಸಿತು. ಮರುವರ್ಷ ಪುಸ್ತಕವನ್ನು ಚೂರುಚೂರು ಮಾಡಿ, ಮಸಾಲೆ ಬೆರೆಸಿ, ಕರುಳಿನ ಚೀಲಕ್ಕೆ ತುಂಬಿ ‘ಸಾಹಿತ್ಯ ಸಾಸೇಜ್’ ಮಾಡಿದರು. ಮುಂದೆ ಚಾಕೊಲೇಟಿನ ತಲೆಗಳು, ಬೂಷ್ಟು ಹಿಡಿಯುವ ಚಿತ್ರಗಳು ಬಂದವು.

ಆದರೂ ರೋಟ್ ಡಿಸೈನರನನ್ನು ಬಿಟ್ಟುಕೊಡಲಿಲ್ಲ ಎಂದೇ ನಾನು ನೋಡುವುದು. ಅವರ ಅತ್ಯುತ್ತಮ ಕೆಲಸ ಪುಸ್ತಕಗಳಲ್ಲಿದೆ. ಕತ್ತರಿಸಿದ ಪುಟ, ತೂತು ಕೊರೆದ ಪುಟ, ಬಿಡಿ ಹಾಳೆಗಳು. ಪುಸ್ತಕ ಹೇಗೆ ಕಟ್ಟುತ್ತಾರೆಂದು ಕೈಯಾರೆ ಕಲಿತವನಿಗೆ ಮಾತ್ರ ಅದನ್ನು ಹಾಗೆ ಬಿಚ್ಚಲು ಸಾಧ್ಯ.

ರಾಜಕೀಯಕ್ಕೆ ಬೆಲೆ ತೆತ್ತವರು ಯಾರಾದರೂ?

ಲುಸೆರ್ನ್‌ನ ಹಾನ್ಸ್ ಎರ್ನಿ (1909–2015). 1939ರ ಜ್ಯೂರಿಕ್ ರಾಷ್ಟ್ರೀಯ ಪ್ರದರ್ಶನಕ್ಕೆ ಪ್ರವಾಸೋದ್ಯಮದ ಬಗ್ಗೆ ಬೃಹತ್ ಭಿತ್ತಿಚಿತ್ರ ಬಿಡಿಸಿ ಮನೆಮಾತಾದರು. ರಾಷ್ಟ್ರೀಯ ಬ್ಯಾಂಕ್ ಅವರಿಂದ ನೋಟುಗಳ ವಿನ್ಯಾಸವನ್ನೂ ಮಾಡಿಸಿಕೊಂಡಿತು. ಆದರೆ ಶೀತಲ ಸಮರದ ಗಾಳಿ ಬೀಸಿದಾಗ ಅವರನ್ನು ಕಮ್ಯುನಿಸ್ಟ್ ಎಂದು ದೂರಿದರು, ಆ ನೋಟುಗಳು ಚಲಾವಣೆಗೆ ಬರಲೇ ಇಲ್ಲ. 1954ರಲ್ಲಿ ಅಣುಯುದ್ಧ ಬೇಡವೆನ್ನುವ ಪೋಸ್ಟರ್ ಮಾಡಿದರು, ಭೂಮಿಯೇ ತಲೆಬುರುಡೆಯಾಗಿರುವ ಚಿತ್ರ. 106 ವರ್ಷದವರೆಗೆ ಬದುಕಿ, ಪೋಸ್ಟರು, ಅಂಚೆಚೀಟಿ, ಭಿತ್ತಿಚಿತ್ರ ಮಾಡುತ್ತಲೇ ಇದ್ದರು.

ಎಲ್ಲರೂ ಚೌಕ, ವೃತ್ತದವರೇ?

ಅಲ್ಲ. ಅಲೋಯಿಸ್ ಕಾರಿಜಿಯೆಟ್ (1902–1985) ಜ್ಯೂರಿಕ್‌ನಲ್ಲಿ ಸ್ವಂತ ಸ್ಟುಡಿಯೋ ಇಟ್ಟು ಪೋಸ್ಟರು, ರಂಗಸಜ್ಜಿಕೆಗಳಿಂದ ಚೆನ್ನಾಗಿಯೇ ಗಳಿಸುತ್ತಿದ್ದರು. 1939ರಲ್ಲಿ ಅದನ್ನೆಲ್ಲ ಬಿಟ್ಟು ಗ್ರೌಬ್ಯುಂಡನ್ ಬೆಟ್ಟದ ಒಂದು ಒಂಟಿ ರೈತಮನೆಗೆ ಹೋದರು, ಚಿತ್ರ ಬಿಡಿಸುವುದಕ್ಕೆ. ಸೆಲಿನಾ ಶೋನ್ಸ್ ಬರೆದ, ಗಂಟೆ ಹುಡುಕಿ ಹಿಮದಲ್ಲಿ ಹೊರಡುವ ಉರ್ಸ್ಲಿ ಎಂಬ ಹುಡುಗನ ಕಥೆಗೆ ಅವರು ಮಾಡಿದ ಚಿತ್ರಗಳು 1945ರಲ್ಲಿ ಬಂದವು. ಚಿತ್ರಕಾರರಿಗೆ ಕೊಡುವ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಯನ್ನು 1966ರಲ್ಲಿ ಮೊದಲ ಬಾರಿ ಪಡೆದವರು ಅವರೇ.

ದೇಶ ಬಿಟ್ಟು ಹೋದವರ ಕಥೆ?

ಹರ್ಬರ್ಟ್ ಮಾಟರ್ (1907–1984) ಪ್ಯಾರಿಸ್‌ನಲ್ಲಿ ಫೆರ್ನಾ ಲೆಜೆ ಬಳಿ ಚಿತ್ರಕಲೆ ಕಲಿತು, 1930ರ ದಶಕದ ನಡುವೆ ಸ್ವಿಸ್ ಪ್ರವಾಸೋದ್ಯಮಕ್ಕೆ ಫೋಟೋ ಜೋಡಣೆಯ ಪೋಸ್ಟರುಗಳನ್ನು ಮಾಡಿ, 1936ರಲ್ಲಿ ಅಮೆರಿಕ ಸೇರಿದರು. ಅಲ್ಲಿ ನೋಲ್ ಪೀಠೋಪಕರಣ ಕಂಪನಿಯ ಜಾಹೀರಾತು ಮಾಡುತ್ತಲೇ, ಗೆಳೆಯ ಅಲೆಕ್ಸಾಂಡರ್ ಕಾಲ್ಡರ್ ಅವರ ತೂಗುಶಿಲ್ಪಗಳ ಬಗ್ಗೆ 1950ರಲ್ಲಿ ಚಲನಚಿತ್ರ ತೆಗೆದರು. ಮ್ಯಾಕ್ಸ್ ಹೂಬರ್ (1919–1992) ಇಟಲಿಯ ಮಿಲಾನ್‌ಗೆ ಹೋದರು. 1948ರ ಮೊಂಜಾ ಕಾರು ಓಟದ ಅವರ ಪೋಸ್ಟರಿನಲ್ಲಿ ಅಕ್ಷರವೇ ವೇಗವಾಗಿ ಓಡುತ್ತದೆ. ಅಲಿಯಾನ್ಸ್ ಸಂಘದ ಸದಸ್ಯರಾಗಿದ್ದ ಅವರು ಚಿತ್ರಗಳಲ್ಲೂ, ಜಾಜ್ ಪೋಸ್ಟರುಗಳಲ್ಲೂ ಒಂದೇ ಲಯ ಹಿಡಿದವರು.

ಇವರಲ್ಲಿ ಯಾರಿಗಾದರೂ ಭಾರತದ ನಂಟಿದೆಯೇ?

ಇದೆ. ಬಾಸೆಲ್‌ನ ಆರ್ಮಿನ್ ಹಾಫ್‌ಮನ್ (1920–2020) 1965ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಅಂದರೆ ಎನ್‌ಐಡಿಯಲ್ಲಿ, ಪಾಠ ಮಾಡಿದರು. ಅವರ ಕಪ್ಪು-ಬಿಳುಪು ಪೋಸ್ಟರುಗಳಲ್ಲಿ ಬಿಂದು, ಗೆರೆ, ನೆರಳುಗಳ ಮೇಲಿನ ಹಿಡಿತ ಚಿತ್ರಕಾರನದೇ. ಯೂನಿವರ್ಸ್ ಎಂಬ ಅಚ್ಚಿನ ಅಕ್ಷರ ರೂಪಿಸಿದ ಆಡ್ರಿಯನ್ ಫ್ರುಟಿಗರ್ (1928–2015) ಕೂಡ ಆ ದಶಕದಲ್ಲಿ ಅಲ್ಲಿಗೆ ಬಂದು ದೇವನಾಗರಿ ಅಕ್ಷರಗಳ ಮೇಲೆ ಕೆಲಸ ಮಾಡಿದರು. ಹುಡುಗನಾಗಿದ್ದಾಗ ಶಿಲ್ಪಿಯಾಗಬೇಕೆಂದಿದ್ದ ಫ್ರುಟಿಗರ್, ಅಪ್ಪ ಒಪ್ಪದ್ದರಿಂದ ಇಂಟರ್‌ಲಾಕೆನ್‌ನ ಅಚ್ಚುಕೂಟದಲ್ಲಿ ಮೊಳೆ ಜೋಡಿಸಲು ಸೇರಿದವರು. ಮರದಚ್ಚಿನ ಚಿತ್ರಗಳನ್ನೂ ಶಿಲ್ಪಗಳನ್ನೂ ಕೊನೆಯವರೆಗೆ ಮಾಡಿದರು. ಇನ್ನೊಂದು ಎಳೆ ಉಲ್ಮ್‌ನದು. ಬಿಲ್ ಬಿಟ್ಟುಹೋದ ಮೇಲೆ, 1960ರ ದಶಕದಲ್ಲಿ, ಆ ಶಾಲೆಯಲ್ಲಿ ಓದಿದ ಸುಧಾಕರ ನಾಡಕರ್ಣಿ ಮುಂಬಯಿ ಐಐಟಿಯ ಡಿಸೈನ್ ಕೇಂದ್ರವನ್ನು ಕಟ್ಟಿದವರಲ್ಲಿ ಮುಖ್ಯರು.

ಇವರ ಕೆಲಸವನ್ನು ಎಲ್ಲಿ ನೋಡಬಹುದು?

ಜ್ಯೂರಿಕ್‌ಗೆ ಹೋಗುವವರಿಗೆ ಮೂರು ಜಾಗ. ಪೋಸ್ಟರುಗಳಿಗೆ ವಿನ್ಯಾಸ ಸಂಗ್ರಹಾಲಯ, ಕಾಂಕ್ರೀಟ್ ಕಲೆಗೆ ಹೌಸ್ ಕೊನ್‌ಸ್ಟ್ರುಕ್ಟಿವ್, ಇನ್ನೊಂದಕ್ಕೆ ಟಿಕೆಟ್ಟೇ ಬೇಡ. ಬಾನ್‌ಹೋಫ್‌ಸ್ಟ್ರಾಸ್ಸೆ ಬೀದಿಯಲ್ಲಿ 1983ರಿಂದ ಬಿಲ್ ಅವರ ಗ್ರಾನೈಟ್ ಕಂಬಗಳ ಮಂಟಪ ಶಿಲ್ಪ ನಿಂತಿದೆ, ಜನ ಅದರ ಮೇಲೆ ಕೂತು ಊಟ ಮಾಡುತ್ತಾರೆ. ಎರ್ನಿಯ ಸಂಗ್ರಹಾಲಯ ಲುಸೆರ್ನ್‌ನ ಸಾರಿಗೆ ಸಂಗ್ರಹಾಲಯದ ಆವರಣದಲ್ಲಿದೆ, ಹೂಬರ್ ಅವರದು ಇಟಲಿ ಗಡಿಯ ಕಿಯಾಸ್ಸೊದಲ್ಲಿ. ಹೋಗಲಾಗದವರು ಜ್ಯೂರಿಕ್ ವಿನ್ಯಾಸ ಸಂಗ್ರಹಾಲಯದ ಇ-ಮ್ಯೂಸಿಯಂ ಜಾಲತಾಣದಲ್ಲಿ ಹೆಸರು ಹುಡುಕಿ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಮೊದಲ ಸಲ ನೋಡುವವರು ಲಾವಾಟರ್‌ರಿಂದ ಶುರುಮಾಡಿ, ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.